ಹರಿದ ಪಾಕಪುಸ್ತಕದ ಆಟ

(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನಿಗೆ ವಿಡಿಯೋ ಗೇಮಿನ ಹುಚ್ಚೇ ಎಂದು ನಗುವವರುಂಟು, ನಗಲಿ. ದೊಡ್ಡ ಕಂಪನಿಗಳ ಹಂಗಿಲ್ಲದೆ ಕೆಲವೇ ಮಂದಿ ಕೂಡಿ ರಚಿಸುವ ಸ್ವತಂತ್ರ ಆಟಗಳಿಗೆ ನಾನು ಮನಸೋತವನು. ಅಂಥದೊಂದರ ವಿಚಾರವನ್ನು ಅರಿಕೆ ಮಾಡುತ್ತೇನೆ.

ಟೊರಾಂಟೋ ನಗರದ ವಿಸೈ ಗೇಮ್ಸ್ 2023ರಲ್ಲಿ ಹೊರತಂದ ಆ ಆಟದ ಹೆಸರು 'ವೆಣ್ಬಾ'. ತಮಿಳಿನ ಒಂದು ಛಂದಸ್ಸಿನ ಹೆಸರೇ ಕಥಾನಾಯಿಕೆಗೂ ಇದೆ. 1980ರ ದಶಕದಲ್ಲಿ ಕೆನಡಾಕ್ಕೆ ವಲಸೆ ಹೋದ ತಮಿಳು ದಂಪತಿಗಳ ಸಂಸಾರವೇ ಕಥಾವಸ್ತು. ಕಾದಾಟವಿಲ್ಲ, ಬೆನ್ನಟ್ಟುವಿಕೆಯಿಲ್ಲ, ಅಡುಗೆಯೇ ಆಟ. ತಾಯಿಯ ಪಾಕಪುಸ್ತಕ ಹರಿದು ಮಾಸಿದೆ. ಅಳಿಸಿಹೋದುದನ್ನು ಆಡುವವರೇ ಊಹಿಸಿ ತುಂಬಬೇಕು. ಇಡ್ಲಿ ತಟ್ಟೆಗಳನ್ನು ಜೋಡಿಸುವುದೂ ಅಲ್ಲೊಂದು ಸಮಸ್ಯೆ! ನಮ್ಮ ಅಡುಗೆಮನೆಗಳಲ್ಲಿ ಇದನ್ನು ಸಮಸ್ಯೆಯೆನ್ನುವವರುಂಟೆ?

ಬೆಳೆದು ದೊಡ್ಡವನಾದ ಮಗನು ತಾಯಿಯ ಅಡುಗೆಯನ್ನು ಮಾಡಹೊರಟಾಗ ಆ ತಮಿಳು ಬರಹವನ್ನು ತಡವರಿಸುತ್ತ ಓದುತ್ತಾನೆ. ಅಲ್ಲಿ ನನ್ನ ಕೈ ತಡೆಯಿತು. ಇದಕ್ಕೆ ಕೆನಡಾದವರೆಗೆ ಹೋಗಬೇಕೆ? ಹೊಸೂರು, ತಳಿ, ಡೆಂಕಣಿಕೋಟೆಗಳಲ್ಲಿ ಕನ್ನಡವನ್ನು ಸೊಗಸಾಗಿ ಆಡುವ ಮಕ್ಕಳು ಅಜ್ಜಿ ಬರೆದಿಟ್ಟ ಚೀಟಿಯನ್ನು ಓದಲಾರದೆ ನಿಲ್ಲುವುದನ್ನು ನಾವು ಕಾಣುತ್ತಿಲ್ಲವೆ? 2006ರ ಕಾಯಿದೆಯಿಂದ ಶಾಲೆಗಳಲ್ಲಿ ತಮಿಳು ಕಡ್ಡಾಯವಾಯಿತು. ಕಲಿಯಲಿ, ನಾವು ಬಾಳುವ ನಾಡಿನ ನುಡಿಯದು. ಕನ್ನಡದ ಅಕ್ಷರ ಮಾತ್ರ ಕೈತಪ್ಪಬಾರದು.

ಬ್ರಿಟನ್ನಿನ ಬಾಫ್ಟಾ ಸಂಸ್ಥೆಯು 2024ರಲ್ಲಿ ಈ ಆಟಕ್ಕೆ ಶ್ರೇಷ್ಠ ಚೊಚ್ಚಲ ಕೃತಿಯೆಂಬ ಪ್ರಶಸ್ತಿಯನ್ನಿತ್ತಿತು. ರಾಗಿಮುದ್ದೆ, ಬಸ್ಸಾರುಗಳಿಗೂ ಅಂಥದೊಂದು ಆಟ ಬೇಡವೆ? ಕಂಪ್ಯೂಟರ್ ಕಲಿತ ನಮ್ಮ ಹುಡುಗ ಹುಡುಗಿಯರನ್ನು ಸಂಘವು ಈ ಬೇಸಿಗೆಯಲ್ಲಿ ಒಂದೆಡೆ ಸೇರಿಸಲಿ. ಅವರು ಬರೆದ ಕನ್ನಡವನ್ನು ತಿದ್ದಿಕೊಡುವ ಕೆಲಸ ನನ್ನದು.