ಬೆಳೆ ವಿಮೆ: ದಾಖಲೆ ಸರಿ ಇದ್ದರೆ ಪರಿಹಾರ
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಬೆಳೆ ವಿಮೆ ಅಂದ್ರೆ ಸಾಲದ ಜೊತೆ ಹಿಡಿಯೋ ಕಂತು ಅಂತಲೇ ನಾವು ಬಹುಕಾಲ ತಿಳಿದಿದ್ದೆವು. 2016ರ ಮುಂಗಾರಿನಲ್ಲಿ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಬಂತು. 2020ರ ಮುಂಗಾರಿನಿಂದ ಅದು ಸಾಲಗಾರರಿಗೂ ಕಡ್ಡಾಯವಲ್ಲ. ಬೇಕೋ ಬೇಡವೋ ನಾವೇ ತೀರ್ಮಾನಿಸಬೇಕು.

ಹಿಂದೆ ಬೆಳೆ ಕಟಾವು ಪ್ರಯೋಗದ ಲೆಕ್ಕವೆಲ್ಲ ಕಾಗದದ ಮೇಲಿತ್ತು. ಈಗ ಮೊಬೈಲ್ ಆ್ಯಪ್‌ನಲ್ಲಿ ಫೋಟೋ ಸಮೇತ ದಾಖಲಾಗುತ್ತದೆ. 2023ರ ಮುಂಗಾರಿನಿಂದ ಭತ್ತ, ಗೋಧಿಯ ಇಳುವರಿ ಲೆಕ್ಕದಲ್ಲಿ ಕನಿಷ್ಠ ಶೇ. 30 ಪಾಲು ಉಪಗ್ರಹ ಮುಂತಾದ ತಂತ್ರಜ್ಞಾನಕ್ಕೆ ಕೊಡಬೇಕೆಂಬ ನಿಯಮವೂ ಬಂದಿದೆ. ಇದರಿಂದ ಲೆಕ್ಕ ಬೇಗ ಆದೀತು, ಕೈಚಳಕ ಕಡಿಮೆಯಾದೀತು. ಹಾಗಂತ ನಾವು ಸುಮ್ಮನೆ ಕೂರುವಂತಿಲ್ಲ. ವಿಮೆ ಜೋಳಕ್ಕೆ ಕಟ್ಟಿ, ಬೆಳೆ ಸಮೀಕ್ಷೆಯಲ್ಲಿ ತೊಗರಿ ಅಂತಿದ್ದರೆ ಪರಿಹಾರಕ್ಕೆ ತಕರಾರು ಬಂದೇ ಬರುತ್ತದೆ.

ಆದ್ದರಿಂದ ಸಮೀಕ್ಷೆಯಲ್ಲಿ ನಮ್ಮ ಬೆಳೆ ಸರಿಯಾಗಿ ದಾಖಲಾಗಿದೆಯೇ ನೋಡೋಣ, ತಪ್ಪಿದ್ದರೆ ಅವಧಿಯೊಳಗೆ ಆಕ್ಷೇಪಣೆ ಹಾಕೋಣ. ಆಲಿಕಲ್ಲು ಬಿದ್ದರೆ 72 ಗಂಟೆಯೊಳಗೆ ತಿಳಿಸೋಣ. ಕಂತಿನ ರಸೀದಿ ಜೋಪಾನವಾಗಿ ಇಟ್ಟುಕೊಳ್ಳೋಣ. ಮೊಬೈಲ್ ಬಾರದ ಹಿರಿಯರಿಗೆ ಓದಿದ ಮಕ್ಕಳು ನೆರವಾಗಲಿ. ಒಬ್ಬರಿಗೊಬ್ಬರು ಆಗೋದಕ್ಕೇ ಅಲ್ಲವೇ ನಾವು ಸಂಘ ಕಟ್ಟಿದ್ದು?