ಗಾಳಿಸಿದ ನೀರು ಮತ್ತು ಹಳ್ಳಿಯ ಕೂಸು

(ಪಂಚಕಲ್ಯಾಣ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

 

ಔಷಧದಾನವೆಂದೊಡನೆ ಗುಳಿಗೆಯ ನೆನಪಾಗುವುದು ಸಹಜ. ನಾನಾದರೋ ನೀರಿನ ಮಾತನ್ನಾಡಬಯಸುತ್ತೇನೆ.

ನೀರನ್ನು ಅರಿವೆಯಲ್ಲಿ ಗಾಳಿಸಿ ಕುಡಿಯುವುದು ಶ್ರಾವಕಾಚಾರ. ಉದ್ದೇಶ, ಜಲದೊಳಗಿನ ತ್ರಸಜೀವಿಗಳ ರಕ್ಷಣೆ. ಅದೇ ಅರಿವೆ ಮನುಷ್ಯನನ್ನೂ ರಕ್ಷಿಸಿತು. ಉತ್ತರ ಕರ್ನಾಟಕದಲ್ಲಿ ಮೆಟ್ಟಿಲುಬಾವಿಯ ನೀರು ಕುಡಿದ ಬಡವರ ಕಾಲಿನಿಂದ ಎರಡು ಮೊಳದುದ್ದದ ಹುಳು ಹೊರಬೀಳುತ್ತಿದ್ದ ನಾರುಹುಣ್ಣನ್ನು ಹಿರಿಯರು ಮರೆತಿರಲಾರರು. ಆ ಹುಳುವಿನ ಮರಿ ಅಡಗುವುದು ನೀರಿನ ಒಂದು ಕಿರುಜೀವಿಯಲ್ಲಿ. ಅರಿವೆ ಅದನ್ನು ತಡೆಯುತ್ತದೆ. ಗಾಳಿಸುವುದನ್ನು ಮನೆಮನೆಗೆ ಕಲಿಸಿ, ಬಾವಿಗಳನ್ನು ಸರಿಪಡಿಸಿದ ಮೇಲೆ 1996ರ ನಂತರ ದೇಶದಲ್ಲಿ ಆ ರೋಗ ಕಾಣಿಸಲಿಲ್ಲ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ದೃಢಪಡಿಸಿತು.

ಆದರೆ ಅತಿಸಾರದ ಸೂಕ್ಷ್ಮಾಣುಗಳು ಅರಿವೆಗೆ ಸಿಕ್ಕುವಂಥವಲ್ಲ. ನೀರನ್ನು ಕುದಿಸಬೇಕು, ಮುನಿಗಳ ಆಹಾರಕ್ಕೆಂದು ನಾವೇ ಪಾಲಿಸುವ ಪ್ರಾಸುಕ ಜಲದ ಕ್ರಮವಿದು. ಕುದಿಸಲು ಸೌದೆ ಬೇಕು, ಕೈ ತೊಳೆಯಲು ಸಾಬೂನು ಬೇಕು, ಶೌಚಾಲಯ ಬೇಕು. ಕೂಲಿಕಾರನ ಗುಡಿಸಲಿಗೆ ಇವು ಬರಿಯ ಉಪದೇಶದಿಂದ ಬರಲಾರವು. ಭೇದಿಯ ಭಯದಿಂದ ನೀರನ್ನೇ ನಿಲ್ಲಿಸುವ ತಾಯಂದಿರಿದ್ದಾರೆ; ಕೂಸು ಒಣಗಿಹೋಗುತ್ತದೆ. ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಬೇಕು; ಎದೆಹಾಲನ್ನು ನಿಲ್ಲಿಸಬಾರದು.

ಇಂದು ಕಲಶಗಳ ಸವಾಲು ನಡೆಯಲಿದೆ. ಒಂದು ಕಲಶದ ಮೊತ್ತವನ್ನಾದರೂ ಸುತ್ತಲಿನ ಕೇರಿಗಳ ಅಂಗನವಾಡಿಗಳಲ್ಲಿ ನಲ್ಲಿ, ಶೌಚಾಲಯಗಳಿಗಾಗಿ ಮೀಸಲಿಡಬೇಕೆಂದು ಪ್ರತಿಷ್ಠಾ ಸಮಿತಿಯನ್ನು ಪ್ರಾರ್ಥಿಸುತ್ತೇನೆ. ಆ ಮಕ್ಕಳು ನಮ್ಮ ಸಮಾಜದವರಲ್ಲವೆಂದು ಇಲ್ಲಿ ಯಾರೂ ಅನ್ನಲಾರರೆಂದು ನಂಬಿದ್ದೇನೆ.

ಜೈ ಜಿನೇಂದ್ರ.