ಬಿಟ್ಟು ಹೋಗಬಲ್ಲವನ ಸಂಬಳ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಪುತ್ತೂರು, ಸುಳ್ಯ, ಕಡಬದ ಯಾವ ಜಮಾಅತಿಗೆ ಹೋದರೂ ಗಲ್ಫಿನಲ್ಲಿ ದುಡಿಯುವ ಮಗನೋ ಅಳಿಯನೋ ಇರುವ ಮನೆಗಳು ಸಿಗುತ್ತವೆ. ರಜೆಯಲ್ಲಿ ಬಂದವರನ್ನು ಮಾತನಾಡಿಸಿ ನೋಡಿ. ಇಬ್ಬರದೂ ಒಂದೇ ಕೆಲಸ, ಒಂದೇ ಅನುಭವ. ಒಬ್ಬನ ಸಂಬಳ ಏರಿರುತ್ತದೆ, ಇನ್ನೊಬ್ಬನದು ವರ್ಷಗಳಿಂದ ಇದ್ದಲ್ಲೇ ಇರುತ್ತದೆ. ಅವನವನ ನಸೀಬು ಎಂದು ನಾವು ಸುಮ್ಮನಾಗುತ್ತೇವೆ. ನಸೀಬನ್ನು ಅಲ್ಲಗಳೆಯಲು ನಾನು ಬಂದಿಲ್ಲ. ಆದರೆ ಇದರಲ್ಲಿ ಲೆಕ್ಕಕ್ಕೆ ಸಿಗುವ ಒಂದು ಪಾಲೂ ಇದೆ. ಅದನ್ನು ಹೇಳುತ್ತೇನೆ.

ಮೊದಲು ನಮ್ಮ ತೋಟಕ್ಕೆ ಬನ್ನಿ. ಮಳೆ ಹಿಡಿಯುವ ಮೊದಲು ಅಡಿಕೆಗೆ ಕೊಳೆರೋಗದ ಮದ್ದು ಬಿಡಬೇಕು. ಎಲ್ಲ ತೋಟದವರಿಗೂ ಅದೇ ವಾರ ಬೇಕು, ಮರ ಏರಬಲ್ಲವರು ಕೆಲವೇ ಮಂದಿ. ಒಂದು ತೋಟದಲ್ಲಿ ಕೂಲಿ ಕಡಿಮೆಯಾದರೆ ಅವನು ನಾಳೆ ಪಕ್ಕದ ತೋಟದಲ್ಲಿರುತ್ತಾನೆ. ಹಾಗಾಗಿ ಮರ ಏರುವವನ ಕೂಲಿ ಯಾರ ಅಪ್ಪಣೆಯೂ ಇಲ್ಲದೆ ಏರಿತು. ಎಷ್ಟೆಂದರೆ ಕ್ಯಾಂಪ್ಕೋ ಸಂಸ್ಥೆಯೇ ಮರ ಏರುವ ತರಬೇತಿ ಶಿಬಿರ ನಡೆಸಿತು, ತೋಟದವರು ಕಾರ್ಬನ್ ಫೈಬರ್ ದೋಟಿ ಕೊಂಡರು. ಒಂದೇ ಯಜಮಾನನಲ್ಲಿ ಇಪ್ಪತ್ತು ವರ್ಷ ನಿಂತವನಿಗೂ ಹೆಚ್ಚಿದ ಕೂಲಿ ಸಿಕ್ಕಿತು. ಅವನು ಬಿಟ್ಟು ಹೋಗಲಿಲ್ಲ, ಬಿಟ್ಟು ಹೋಗಬಹುದು ಎಂಬುದು ಯಜಮಾನನಿಗೆ ಗೊತ್ತಿತ್ತು, ಅಷ್ಟೆ.

ಅದೇ ಊರಿನ ಬೀಡಿ ಕಟ್ಟುವ ಉಮ್ಮಂದಿರನ್ನು ನೋಡಿ. ಅವರ ಕೈಚಳಕವೇನೂ ಕಡಿಮೆಯದಲ್ಲ. ಆದರೆ ಮನೆ, ಮಕ್ಕಳು, ಅಡುಗೆಯ ನಡುವೆ ನಡೆದು ತಲುಪುವ ದೂರದಲ್ಲಿರುವ ಬ್ರಾಂಚಿಗೇ ಬೀಡಿ ಕೊಡಬೇಕು. ಎಲೆ, ಹೊಗೆಸೊಪ್ಪು ಕೊಡುವವನೂ ಅವನೇ, ಬೀಡಿ ಸರಿಯಿಲ್ಲವೆಂದು ತೆಗೆದುಹಾಕುವವನೂ ಅವನೇ. ಸಾವಿರ ಬೀಡಿಯ ಮಜೂರಿ ಏರಿದ್ದು ಸರಕಾರದ ಕನಿಷ್ಠ ವೇತನ, ತುಟ್ಟಿಭತ್ತೆಯಿಂದ, ಕಾರ್ಮಿಕ ಸಂಘಗಳ ಹೋರಾಟದಿಂದ. ಮಾಲಕರು ಪೈಪೋಟಿಯಿಂದ ಏರಿಸಿದ್ದು ಕಡಿಮೆ. ಕೆಲಸ ಕೊಡುವವನು ಒಬ್ಬನೇ ಆದಾಗ ಕೂಲಿ ಹೀಗೆ ಕುಗ್ಗುವುದನ್ನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1933ರಲ್ಲೇ ವಿವರಿಸಿದ್ದರು. ನಮ್ಮ ಉಮ್ಮಂದಿರಿಗೆ ಅದು ಓದದೆಯೇ ಗೊತ್ತು.

ಈಗ ಗಲ್ಫಿಗೆ ಹೋಗೋಣ. ಯುಎಇಯಲ್ಲಿ ಒಪ್ಪಂದ ಮುಗಿದರೂ ಕಂಪೆನಿ ಎನ್‌ಒಸಿ ಕೊಡದೆ ಇನ್ನೊಂದು ಕಂಪೆನಿ ಸೇರುವಂತಿರಲಿಲ್ಲ. ಆರು ತಿಂಗಳ ಬ್ಯಾನ್ ಬೀಳುತ್ತಿತ್ತು, ಊರಿಗೆ ಮರಳಬೇಕಾಗುತ್ತಿತ್ತು. 2011ರ ಜನವರಿಯಿಂದ ಒಪ್ಪಂದ ಮುಗಿಸಿದವರಿಗೆ ಈ ಅಡ್ಡಿಯನ್ನು ಸಡಿಲಿಸಲಾಯಿತು. ಸುರೇಶ್ ನಾಯ್ಡು, ಯಾವ್ ನ್ಯಾರ್ಕೊ, ಶಿಂಗ್-ಯಿ ವಾಂಗ್ ಎಂಬ ಮೂವರು ಅಲ್ಲಿನ ಸಂಬಳದ ದಾಖಲೆಗಳನ್ನೇ ಹಿಡಿದು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದರು. ಒಪ್ಪಂದ ಮುಗಿದವರ ಸಂಪಾದನೆ ನೂರಕ್ಕೆ ಹತ್ತರ ಆಸುಪಾಸಿನಲ್ಲಿ ಏರಿತ್ತು. ಕಂಪೆನಿ ಬದಲಿಸಿದವರು ಹೆಚ್ಚಾದರು. ಆಶ್ಚರ್ಯವೆಂದರೆ, ಹಳೆಯ ಕಂಪೆನಿಯಲ್ಲೇ ಉಳಿದವರೂ ಹೆಚ್ಚಾದರು! ಮೊದಲು ಬೇಸತ್ತು ಊರಿಗೆ ಮರಳುತ್ತಿದ್ದವರು ಈಗ ಅಲ್ಲೇ ನಿಂತರು, ಏಕೆಂದರೆ ಅವರನ್ನು ಉಳಿಸಿಕೊಳ್ಳಲು ಕಂಪೆನಿ ಕೈ ಬಿಚ್ಚಬೇಕಾಯಿತು.

ಇದರ ಕಹಿಯನ್ನೂ ಮರೆಮಾಚಬಾರದು. ಹೊಸದಾಗಿ ಊರಿನಿಂದ ಕರೆಸಿಕೊಳ್ಳುವವರಿಗೆ ಬೇಡಿಕೆ ತುಸು ಇಳಿಯಿತು, ಅವರ ಆರಂಭದ ಸಂಬಳವೂ ಇಳಿಯಿತು ಎಂದು ಅದೇ ಅಧ್ಯಯನ ಹೇಳುತ್ತದೆ. ಅಣ್ಣನಿಗೆ ಸಿಕ್ಕ ಲಾಭದ ಸ್ವಲ್ಪ ಭಾಗವನ್ನು ತಮ್ಮ ತೆತ್ತ ಎನ್ನಿ.

ಕತಾರ್ 2020ರಲ್ಲಿ ಎನ್‌ಒಸಿಯನ್ನು ತೆಗೆಯಿತು. ಸೌದಿ 2021ರ ಮಾರ್ಚಿನಲ್ಲಿ ಕೆಲಸ ಬದಲಿಸುವ ದಾರಿ ತೆರೆದಾಗ ಮನೆಗೆಲಸದವರನ್ನೂ ಹೌಸ್ ಡ್ರೈವರುಗಳನ್ನೂ ಹೊರಗಿಟ್ಟಿತು. ನಮ್ಮ ಕಡೆಯ ಎಷ್ಟು ಹುಡುಗರು ಆ ವೀಸಾದಲ್ಲೇ ಹೋಗಿದ್ದಾರೆ ಎಂಬುದು ನಿಮಗೇ ಗೊತ್ತು. ಹಾಗಾಗಿ ವಿದ್ಯಾರ್ಥಿಗಳೇ, ಸಂಬಳ ಎಷ್ಟು ಎಂದು ಕೇಳುವ ಜೊತೆಗೆ ವೀಸಾ ಯಾವುದು, ಬದಲಿಸಲು ಅವಕಾಶ ಯಾವಾಗ ಎಂದೂ ಏಜೆಂಟನನ್ನು ಕೇಳಿ. ಪಾಸ್‌ಪೋರ್ಟ್ ಭಾರತ ಸರಕಾರದ ಸೊತ್ತು, ಕಫೀಲನ ಕಪಾಟಿನದ್ದಲ್ಲ. ವೀಸಾಕ್ಕೆಂದು ಚಿನ್ನ ಅಡವಿಟ್ಟು ಸಾಲ ಮಾಡಿ ಹೋದವನಿಗೆ ಕಾನೂನು ಬಾಗಿಲು ತೆರೆದರೂ ಕಾಲು ಏಳುವುದಿಲ್ಲ. ಆ ಸಾಲ ತೀರುವವರೆಗೆ ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾನೆ.

ಕೊನೆಗೆ ಹಿರಿಯರಲ್ಲಿ ಒಂದು ಮಾತು. ಸಿಟ್ಟಾಗಬೇಡಿ. ಕೂಲಿಯನ್ನು ತಡಮಾಡದೆ ಕೊಡಬೇಕೆಂದು ಮದ್ರಸದಲ್ಲೇ ಕಲಿತವರು ನಾವು. ಕಫೀಲನನ್ನು ಬಯ್ಯುವ ನಾವೇ ನಡೆಸುವ ಶಾಲೆಗಳಿವೆ. ಟೀಚರುಗಳ ಮೂಲ ಅಂಕಪಟ್ಟಿಯನ್ನು ಕಚೇರಿಯಲ್ಲಿಟ್ಟುಕೊಂಡು, ವರ್ಷದ ನಡುವೆ ಬಿಟ್ಟರೆ ಕೊಡುವುದಿಲ್ಲ ಎನ್ನುವ ಶಾಲೆಯೊಂದರಲ್ಲಿ ನಾನೂ ದುಡಿದಿದ್ದೇನೆ. ಅಲ್ಲಿದ್ದಷ್ಟು ವರ್ಷ ನಮ್ಮಲ್ಲಿ ಯಾರಿಗೂ ಸಂಬಳ ಏರಲಿಲ್ಲ. ಆ ಆಡಳಿತದವರು ಕೆಟ್ಟವರಲ್ಲ. ಏರಿಸುವ ಅಗತ್ಯವೇ ಅವರಿಗೆ ಬಿದ್ದಿರಲಿಲ್ಲ. ವರ್ಷದ ನಡುವೆ ಟೀಚರ್ ಹೋದರೆ ಮಕ್ಕಳ ಪಾಠ ಕೆಡುತ್ತದೆ, ನಿಜ. ಅದಕ್ಕೆ ಎರಡು ತಿಂಗಳ ನೋಟೀಸಿನ ನಿಯಮ ಮಾಡಿ. ನಮ್ಮ ಯಾವ ಸಂಸ್ಥೆಯಲ್ಲಾದರೂ ಕಪಾಟಿನಲ್ಲಿ ಟೀಚರುಗಳ ಮೂಲ ಅಂಕಪಟ್ಟಿ ಇದ್ದರೆ, ಮುಂದಿನ ಜೂನ್ ಬರುವ ಮೊದಲು ಹಿಂತಿರುಗಿಸಬೇಕೆಂದು ಈ ಸಭೆಯ ಮುಂದೆ ಕೇಳಿಕೊಳ್ಳುತ್ತೇನೆ.